ಕಾರ್ಡ್ ಐದು ಲಕ್ಷದ್ದು, ಗುಳಿಗಿ ಮಾತ್ರ ಉದ್ರಿ: ನಮ್ಮ ಜಿಲ್ಲೆಯ ಹಿರಿಯರ ಆರೋಗ್ಯದ ಲೆಕ್ಕ

ಬೀದರ್: ಔರಾದ್‌ನಿಂದ ಬೆಳಗ್ಗೆ ಬರುವ ಬಸ್ಸಿನಲ್ಲಿ ಯಾರ್ಯಾರು ಇಳೀತಾರೆ ಅಂತ ಒಂದಿನ ಸುಮ್ಮನೆ ನಿಂತು ನೋಡಿ. ಕಾಲೇಜು ಹುಡುಗರು, ಕೋರ್ಟು-ಕಚೇರಿ ಕೆಲಸದವರು ಇಳಿದ ಮೇಲೆ ಕೊನೆಗೆ ಮೆಟ್ಟಿಲು ಹಿಡಿದು ನಿಧಾನಕ್ಕೆ ಇಳಿಯೋರು ಮುತ್ಯಾ, ಆಯಿಗಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳೇ ಚೀಟಿ, ಮಡಚಿದ ಎಕ್ಸ್‌ರೇ, ಖಾಲಿಯಾದ ಗುಳಿಗಿಯ ಸ್ಟ್ರಿಪ್. ಪಕ್ಕದಲ್ಲಿ ಸೊಸೆಯೋ ಮಗಳೋ. ಭಾಲ್ಕಿ ಬಸ್ಸಿನದ್ದೂ ಇದೇ ಚಿತ್ರ.

ಇವರಲ್ಲಿ ಬಹಳಷ್ಟು ಜನ ಆಪರೇಷನ್‌ಗೆ ಬಂದವರಲ್ಲ. ಬಿಪಿ ನೋಡಿಸಿಕೊಳ್ಳೋಕೆ, ಶುಗರ್ ಗುಳಿಗಿ ತಗೊಳ್ಳೋಕೆ, ಮೊಣಕಾಲು ನೋವು ಹೇಳಿಕೊಳ್ಳೋಕೆ, ಕಣ್ಣು ತೋರಿಸೋಕೆ ಬಂದವರು. ನಮ್ಮ ಸರ್ಕಾರಗಳು ಹಿರಿಯರ ಹೆಸರಲ್ಲಿ ಮಾಡಿದ ದೊಡ್ಡ ಯೋಜನೆಗಳೆಲ್ಲ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ. ಮುದಿತನದ ಕಾಯಿಲೆ ಮಾತ್ರ ಅಡ್ಮಿಟ್ ಆಗದೇ ಹತ್ತು-ಹದಿನೈದು ವರ್ಷ ನಡೆಯುವಂಥದ್ದು. ಈ ಎರಡರ ನಡುವೆ ಬಿದ್ದಿರುವ ಸಂದಿನಲ್ಲೇ ಜನ ಸಾಲ ಮಾಡ್ತಾ ಇದ್ದಾರೆ, ಮೆಡಿಕಲ್ ಅಂಗಡಿಯವರು ಉದ್ರಿ ಬರೀತಾ ಇದ್ದಾರೆ.

ಎಷ್ಟು ಜನ ಇದ್ದಾರೆ?

2011ರ ಗಣತಿ ಪ್ರಕಾರ ಬೀದರ್ ಜಿಲ್ಲೆಯ ಜನಸಂಖ್ಯೆ 17 ಲಕ್ಷ 3 ಸಾವಿರ. ಆಗ ರಾಜ್ಯದಲ್ಲಿ 60 ದಾಟಿದವರು ಶೇ 9.5ರಷ್ಟಿದ್ದರು. ಕೇಂದ್ರದ ಅಂದಾಜಿನಂತೆ 2021ಕ್ಕೆ ಅದು ಶೇ 11.5 ಆಯಿತು, 2031ಕ್ಕೆ ಶೇ 15 ಆಗಲಿದೆ. ಹಳೇ ಜನಸಂಖ್ಯೆಗೇ 2021ರ ರಾಜ್ಯ ಸರಾಸರಿ ಹಾಕಿ ನೋಡಿದರೂ ನಮ್ಮ ಜಿಲ್ಲೆಯಲ್ಲಿ ಎರಡು ಲಕ್ಷದ ಹತ್ತಿರ ಹಿರಿಯರು. ಇನ್ನೊಂದು ಕಡೆ, 2017-18ರಲ್ಲಿ ದೇಶದಾದ್ಯಂತ ನಡೆದು 2021ರಲ್ಲಿ ವರದಿ ಬಂದ 'ಲಾಸಿ' ಸಮೀಕ್ಷೆ, 60 ದಾಟಿದವರಲ್ಲಿ ಶೇ 75ರಷ್ಟು ಜನರಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ ಇದೆ ಅಂದಿತ್ತು. ಅಂದರೆ ನಾಲ್ಕು ಜನರಲ್ಲಿ ಮೂವರಿಗೆ ದಿನಾ ಗುಳಿಗಿ ಬೇಕು, ಇಲ್ಲ ತಿಂಗಳಿಗೊಮ್ಮೆಯಾದರೂ ಯಾರಾದರೂ ನೋಡಬೇಕು.

ಮನೆಯಲ್ಲಿ ನೋಡೋರು ಯಾರು? ಮಕ್ಕಳು ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿನಲ್ಲಿ. ಔರಾದ್ ಕಡೆಯ ಎಷ್ಟೋ ಊರುಗಳಲ್ಲಿ ಮನೆಗೆ ಬೀಗ ಹಾಕಿಲ್ಲ ಅಂದರೆ ಅದಕ್ಕೆ ಕಾರಣ ಒಳಗೆ ಒಬ್ಬ ಮುದುಕಿ ಇದ್ದಾಳೆ ಅನ್ನೋದೊಂದೇ.

ಕಾರ್ಡ್ ಏನು ಕೊಡುತ್ತೆ, ಏನು ಕೊಡಲ್ಲ

2024ರ ಸೆಪ್ಟೆಂಬರ್ 11ರಂದು ಕೇಂದ್ರ ಸಂಪುಟ ಒಪ್ಪಿ, ಅಕ್ಟೋಬರ್ 29ರಂದು ಪ್ರಧಾನಿ ಉದ್ಘಾಟಿಸಿದ 'ಆಯುಷ್ಮಾನ್ ವಯ ವಂದನಾ' ಕಾರ್ಡ್ ಈಗ ಎಲ್ಲರ ಬಾಯಲ್ಲೂ ಇದೆ. 70 ವರ್ಷ ತುಂಬಿದರೆ ಸಾಕು, ಬಡವ-ಶ್ರೀಮಂತ ಭೇದವಿಲ್ಲ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ. ಆ ಕುಟುಂಬ ಮೊದಲೇ ಆಯುಷ್ಮಾನ್‌ನಲ್ಲಿದ್ದರೆ 70 ದಾಟಿದವರಿಗೇ ಅಂತ ಇನ್ನೊಂದು 5 ಲಕ್ಷ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಒಳರೋಗಿಗೆ. ಅಡ್ಮಿಟ್ ಆಗೋ ಮುಂಚಿನ ಮೂರು ದಿನ, ಡಿಸ್ಚಾರ್ಜ್ ಆದ ಮೇಲೆ ಹದಿನೈದು ದಿನದ ಔಷಧಿ ಅದರಲ್ಲಿ ಸೇರುತ್ತೆ. ಹದಿನಾರನೇ ದಿನದಿಂದ ನಿಮ್ಮ ಜೇಬು.

"ಕಾರ್ಡ್ ಅದ ಅಲ್ರಿ, ಗುಳಿಗಿ ಯಾಕ ಕೊಡಲ್ಲ ಅಂತೀರಿ?" ಅಂತ ಔಷಧಿ ಅಂಗಡಿಯಲ್ಲಿ ಜಗಳಕ್ಕೆ ನಿಲ್ಲುವ ಮುತ್ಯಾಗಳದ್ದು ತಪ್ಪಿಲ್ಲ. ಐದು ಲಕ್ಷ ಅಂತ ಮೈಕಿನಲ್ಲಿ ಹೇಳಿದವರು ಹೊರರೋಗಿಗೆ ಇಲ್ಲ ಅನ್ನೋದನ್ನ ಅಷ್ಟೇ ಜೋರಾಗಿ ಹೇಳಲಿಲ್ಲ. ಅಂಗಡಿಯವರದ್ದೂ ತಪ್ಪಿಲ್ಲ.

ಇನ್ನು ವಯಸ್ಸಿನ ಗೊಂದಲ. ಈ ಕಾರ್ಡಿಗೆ ಆಧಾರ್‌ನಲ್ಲಿರುವ ವಯಸ್ಸೇ ಆಧಾರ. ನಮ್ಮ ಕಡೆ ಹಿರಿಯರ ಆಧಾರ್ ತೆಗೆದು ನೋಡಿ, ಅರ್ಧ ಊರಿನವರು ಜನವರಿ 1ರಂದೇ ಹುಟ್ಟಿದ್ದಾರೆ! ಆವತ್ತು ಶಿಬಿರದಲ್ಲಿ ಕೂತ ಹುಡುಗ ಮುಖ ನೋಡಿ ಬರೆದ ವಯಸ್ಸು ಅದು. ನಿಜಕ್ಕೂ 74 ಆದವರು ಕಾಗದದಲ್ಲಿ 67. ಅವರಿಗೆ ಕಾರ್ಡ್ ಇನ್ನೂ ಮೂರು ವರ್ಷ ದೂರ. ಹೊಲದಲ್ಲಿ ದುಡಿದ ಕೈ, ಬೆರಳಚ್ಚು ಸವೆದಿರುತ್ತೆ, ಮಷೀನು ತಗೊಳ್ಳಲ್ಲ. ಅಂಥವರು ವಾಪಸ್ ಹೋಗಬೇಕಿಲ್ಲ. ಓಟಿಪಿ, ಕಣ್ಣು ಇಲ್ಲವೇ ಮುಖದ ಗುರುತಿನಿಂದಲೂ ಕೆವೈಸಿ ಮಾಡಬಹುದು, ಹಾಗೇ ಮಾಡಿ ಅಂತ ಕೇಳಿ.

60ರಿಂದ 69ರವರೆಗಿನ ಹತ್ತು ವರ್ಷ ಇದೆಯಲ್ಲ, ಅದು ನಮ್ಮ ವ್ಯಾಪಾರಸ್ಥರಿಗೆ ಸಂಬಂಧಪಟ್ಟದ್ದು. ರಾಜ್ಯದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ 5 ಲಕ್ಷ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರದ್ದು, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮುಖ್ಯ ರಸ್ತೆಯಲ್ಲಿ ಒಂದು ಕಿರಾಣಿ ಅಂಗಡಿ, ಒಂದು ಬಟ್ಟೆ ಅಂಗಡಿ ಇಟ್ಟುಕೊಂಡ 64 ವರ್ಷದ ಮನುಷ್ಯ ಬಡವನೂ ಅಲ್ಲ, ಮೂರು ಲಕ್ಷದ ಬಿಲ್ ಬಂದರೆ ತಡಕೊಳ್ಳುವ ಸಾಹುಕಾರನೂ ಅಲ್ಲ. ಪಿಂಚಣಿ ಇಲ್ಲ, ಪಿಎಫ್ ಇಲ್ಲ, ಅಂಗಡಿ ಒಂದು ವಾರ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ.

ಇವರಿಗೆ ಎರಡು ದಾರಿ ಇವೆ. ಸಹಕಾರ ಸಂಘದ ಸದಸ್ಯರಾಗಿದ್ದರೆ, 2023ರಲ್ಲಿ ಮತ್ತೆ ಶುರುವಾದ ಯಶಸ್ವಿನಿ. ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000, ರಕ್ಷಣೆ 5 ಲಕ್ಷದವರೆಗೆ. ಸ್ವಸಹಾಯ ಸಂಘಗಳ ಕೆಲಸದಲ್ಲಿ ದೇಶಕ್ಕೇ ಹೆಸರಾದ ಡಿಸಿಸಿ ಬ್ಯಾಂಕ್ ಇರುವ ಜಿಲ್ಲೆ ನಮ್ಮದು. ಇಲ್ಲಿ ಸಂಘದ ನಂಟು ಇಲ್ಲದ ಮನೆ ಕಡಿಮೆ. ನೋಂದಣಿ ವರ್ಷಕ್ಕೊಮ್ಮೆ ಕೆಲವೇ ತಿಂಗಳು ತೆರೆದಿರುತ್ತೆ, ಹೃದಯದ ನೋವು ಬಂದ ಮೇಲೆ ಕಾರ್ಯದರ್ಶಿ ಮನೆಗೆ ಓಡಿದರೆ ಪ್ರಯೋಜನ ಇಲ್ಲ. ಎರಡನೇ ದಾರಿ ಖಾಸಗಿ ವಿಮೆ. 65 ದಾಟಿದವರಿಗೆ ಹೊಸ ಪಾಲಿಸಿ ಕೊಡಬೇಕಿಲ್ಲ ಅನ್ನುವ ವಯಸ್ಸಿನ ಅಡ್ಡಿಯನ್ನು ವಿಮಾ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದಿದೆ. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಪ್ರಾಧಿಕಾರವನ್ನು ಕೇಳಬೇಕು ಅಂತ 2025ರ ಜನವರಿಯಲ್ಲಿ ಆದೇಶ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿದ್ದ ಶೇ 18 ಜಿಎಸ್‌ಟಿ ಪೂರ್ತಿ ಹೋಗಿದೆ. ಹಾಗಂತ 66ನೇ ವಯಸ್ಸಿನಲ್ಲಿ ಶುಗರ್ ಇದ್ದವರಿಗೆ ಪ್ರೀಮಿಯಂ ಅಗ್ಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇರುವ ಕಾಯಿಲೆಯನ್ನು ಫಾರ್ಮಿನಲ್ಲಿ ಮುಚ್ಚಿಡಬೇಡಿ ಅಂತಲೂ ಹೇಳಬೇಕು. ಏಜೆಂಟರು "ಬರೀಬ್ಯಾಡ್ರಿ ಮಾಲಕ್ರೆ, ನಾ ನೋಡ್ಕೋತೀನಿ" ಅಂತಾರೆ. ಕ್ಲೈಮ್ ಬಂದಾಗ ನೋಡೋರು ಅವರಲ್ಲ.

40 ಕಿಲೋಮೀಟರಿನ ಲೆಕ್ಕ

ಔರಾದ್‌ನಿಂದ ಬೀದರ್ ಸುಮಾರು 40 ಕಿ.ಮೀ. ಭಾಲ್ಕಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಆಯಿಗೆ ಟಿಕೆಟ್ ಇಲ್ಲ. ಮುತ್ಯಾನಿಗೆ ಹಿರಿಯ ನಾಗರಿಕರ ರಿಯಾಯಿತಿ ಶೇ 25, ಅಂದರೆ ಮುಕ್ಕಾಲು ಚಾರ್ಜ್ ಕೊಡಲೇಬೇಕು. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರಲ್ಲಿ ನಿಂತದ್ದು ಮತ್ತೆ ಬರಲೇ ಇಲ್ಲ. ಭಾಲ್ಕಿ, ಕಮಲನಗರದಿಂದ ರೈಲು ಹತ್ತುವವರಿಗೆ ಅದು ಗೊತ್ತು.

ಶಕ್ತಿಯಿಂದ ಇನ್ನೊಂದು ಬದಲಾವಣೆ ಆಗಿದೆ, ಯಾರೂ ಹೆಚ್ಚು ಮಾತಾಡಿಲ್ಲ. ಮೊದಲು ಮುದುಕರನ್ನ ದವಾಖಾನಿಗೆ ಕರ್ಕೊಂಡು ಬರ್ತಿದ್ದವನು ಮಗ. ಈಗ ಸೊಸೆ, ಮಗಳು. ಅವರಿಗೆ ಟಿಕೆಟ್ ಇಲ್ಲವಲ್ಲ! ಆದರೆ ಆಕೆಯ ಆ ದಿನದ ಕೂಲಿ ಹೋಗುತ್ತೆ. ಸುಮ್ಮನೆ ಒಂದು ಲೆಕ್ಕ ಹಾಕೋಣ. ಉದ್ಯೋಗ ಖಾತ್ರಿ ಕೂಲಿಯೇ ನಮ್ಮ ರಾಜ್ಯದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ. ತಿಂಗಳಿಗೊಮ್ಮೆ ಗುಳಿಗಿಗೆ ಬೀದರ್‌ಗೆ ಬಂದರೆ ವರ್ಷಕ್ಕೆ ಹನ್ನೆರಡು ದಿನ, ಅಂದರೆ 4,440 ರೂಪಾಯಿ ಕೂಲಿ ಖೋತಾ. ಮುತ್ಯಾನ ಬಸ್ ಚಾರ್ಜ್, ಆಟೋ, ಮಧ್ಯಾಹ್ನದ ಊಟ, ಚಹಾ ಬೇರೆ.

ಇನ್ನು ಪಿಂಚಣಿ ಎಷ್ಟು? 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200, ವರ್ಷಕ್ಕೆ 14,400. ಅದರಲ್ಲಿ ಮೂರನೇ ಒಂದು ಭಾಗದಷ್ಟು ಬರೀ ಜೊತೆಗೆ ಬಂದವಳ ಕೂಲಿಗೇ ಸಮ ಆಯಿತು. 60ರಿಂದ 64ರವರೆಗಿನ ವೃದ್ಧಾಪ್ಯ ವೇತನ 800 ರೂಪಾಯಿ, ದಿನಕ್ಕೆ 27 ರೂಪಾಯಿಯೂ ಬೀಳಲ್ಲ. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡುವ ಪಾಲು 80 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ. 2007ರಲ್ಲೂ ಇಷ್ಟೇ ಇತ್ತು, ಇವತ್ತೂ ಇಷ್ಟೇ. ಆವತ್ತು ತೊಗರಿಬೇಳೆ ಎಷ್ಟಕ್ಕೆ ಮಾರ್ತಿದ್ದಿರಿ ಅಂತ ಹಳೇ ವ್ಯಾಪಾರಸ್ಥರು ತಮ್ಮ ಖಾತೆ ಪುಸ್ತಕ ತೆಗೆದು ನೋಡಲಿ.

ಇಂಥ ಲೆಕ್ಕದಲ್ಲಿ ಮನೆಯವರು ಏನು ಮಾಡ್ತಾರೆ? ದಿನಕ್ಕೆ ಎರಡು ಗುಳಿಗಿ ಬರೆದಿದ್ದರೆ ಒಂದು ನುಂಗ್ತಾರೆ. ತಿಂಗಳ ಗುಳಿಗಿ ಎರಡು ತಿಂಗಳು ಬರುತ್ತೆ. ಬಿಪಿ ಗುಳಿಗಿಯನ್ನಂತೂ "ತಲಿ ತಿರುಗಿದಾಗ ತಗೊಂಡ್ರ ಆಯ್ತು" ಅನ್ನೋರೇ ಹೆಚ್ಚು. ಆಮೇಲೆ ಒಂದಿನ ಬೆಳಗ್ಗೆ ಬಾಯಿ ಸೊಟ್ಟಗಾಗುತ್ತೆ, ಕೈ ಎತ್ತೋಕೆ ಬರಲ್ಲ. ಆಗ ಐದು ಲಕ್ಷದ ಕಾರ್ಡ್ ಕೆಲಸಕ್ಕೆ ಬರುತ್ತೆ. ಅಲ್ಲಿಯವರೆಗೂ ಬರಲಿಲ್ಲ.

ಗಡಿಯ ಮಾತೂ ಸೇರಿಸಬೇಕು. ಔರಾದ್, ಕಮಲನಗರ ಕಡೆಯವರಿಗೆ ಉದಗಿರ್, ದೇಗಲೂರು ಹತ್ತಿರ. ಬೀದರ್‌ನವರು ಜಡ್ಡು ಜೋರಾದರೆ ಸೀದಾ ಹೈದರಾಬಾದ್ ಗಾಡಿ ಹತ್ತುತ್ತಾರೆ. ಶಕ್ತಿಯ ಉಚಿತ ಟಿಕೆಟ್ ರಾಜ್ಯದ ಗಡಿಗೆ ಮುಗಿಯುತ್ತೆ. ಎಪಿಎಲ್‌ನ ಶೇ 30ರ ಸೌಲಭ್ಯವೂ ನಮ್ಮ ರಾಜ್ಯದ ಯೋಜನೆಯದ್ದು. ಮೊದಲು ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಇಲ್ಲಿ ಆಗಲ್ಲ ಅಂದಾಗ ರೆಫರಲ್ ಚೀಟಿ ಪಡೆದು ಹೋಗೋದು ಆರೋಗ್ಯ ಕರ್ನಾಟಕದ ಪದ್ಧತಿ, ತುರ್ತು ಇದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಚೀಟಿ ಇಲ್ಲದೆ ಹೋಗಿ ಬಿಲ್ ಕಟ್ಟಿ ಬಂದು "ದುಡ್ಡು ವಾಪಸ್ ಕೊಡ್ರಿ" ಅಂದರೆ ಬರಲ್ಲ. ಹೊರಡುವ ಮುಂಚೆ ಆಸ್ಪತ್ರೆಯಲ್ಲಿ ಕೂರುವ 'ಆರೋಗ್ಯ ಮಿತ್ರ'ರನ್ನು ಕೇಳಿ. ಹೃದಯದ ಕಾಯಿಲೆಗೆ ಈಗ ಹೈದರಾಬಾದೇ ಗತಿ ಅಂತಿಲ್ಲ. 371ಜೆ ನೆನಪಿಗೆ 371 ಹಾಸಿಗೆಯ ಜಯದೇವ ಆಸ್ಪತ್ರೆ ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಗಿದೆ, 2017ರಿಂದ ಬೀದರ್-ಕಲಬುರಗಿ ರೈಲು ದಾರಿಯೂ ಇದೆ.

ಕಾಗದದಲ್ಲಿ ಇರೋದನ್ನೇ ಕೇಳಬೇಕು

ಹೊಸ ಯೋಜನೆ ಬೇಕು ಅಂತ ನಾವು ಹೇಳ್ತಿಲ್ಲ. 2010-11ರಲ್ಲೇ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಒಂದಿದೆ, ಕಡತದಲ್ಲಿ ಎನ್‌ಪಿಎಚ್‌ಸಿಇ ಅಂತಾರೆ. ಅದರ ಮಾರ್ಗಸೂಚಿ ಓದಿದರೆ ಆಶ್ಚರ್ಯ ಆಗುತ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರಿಗೇ ಅಂತ ಕ್ಲಿನಿಕ್. ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ, ಜೊತೆಗೆ ಫಿಸಿಯೊಥೆರಪಿ. ಜಿಲ್ಲಾ ಆಸ್ಪತ್ರೆಯಲ್ಲಿ ದಿನಾ ಹೊರರೋಗಿ ವಿಭಾಗ ಮತ್ತು ಹತ್ತು ಹಾಸಿಗೆಯ ವಾರ್ಡ್. ಹಾಸಿಗೆ ಹಿಡಿದವರ ಮನೆಗೆ ಉಪಕೇಂದ್ರದ ಸಿಬ್ಬಂದಿ ಹೋಗಿ ನೋಡೋದು. ನಡೆಯೋಕೆ ಕೋಲು ಕೊಡೋದೂ ಬರೆದಿದೆ.

ಇದಕ್ಕೂ ಮುಂಚೆ, 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 20ನೇ ಕಲಮು ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯರಿಗೆ ಪ್ರತ್ಯೇಕ ಸಾಲು, ಸಾಧ್ಯವಾದಷ್ಟು ಹಾಸಿಗೆ, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಅನುಭವ ಇರುವ ವೈದ್ಯಾಧಿಕಾರಿಯ ಕೈಕೆಳಗೆ ಪ್ರತ್ಯೇಕ ವ್ಯವಸ್ಥೆ ಇರಬೇಕು ಅಂತ ಹೇಳಿದೆ. ಗೋಡೆ ಮೇಲೆ ಬೋರ್ಡು ಬರೆಸಿದರೆ ಸಾಲು ಆಗಲ್ಲ, ಅಲ್ಲಿ ಒಬ್ಬ ಮನುಷ್ಯ ನಿಂತು ಮುದುಕರನ್ನ ಮುಂದೆ ಕಳಿಸಬೇಕು.

ನಮ್ಮ ಜಿಲ್ಲೆಯಲ್ಲಿ ಒಂದು ತೊಡಕು ಇದೆ. ಜಿಲ್ಲಾ ಆಸ್ಪತ್ರೆ ಅಂದರೆ ಬ್ರಿಮ್ಸ್, ಅದು ವೈದ್ಯಕೀಯ ಶಿಕ್ಷಣ ಇಲಾಖೆಯದ್ದು. ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಕೇಂದ್ರಗಳು ಆರೋಗ್ಯ ಇಲಾಖೆಯವು. ರೋಗಿ ಒಬ್ಬನೇ, ಇಲಾಖೆ ಎರಡು. ಬ್ರಿಮ್ಸ್‌ನಲ್ಲಿ ತಜ್ಞರು ಬರೆದ ಗುಳಿಗಿ ಊರಿನ ಕೇಂದ್ರದಲ್ಲಿ ಇರಬೇಕಾದರೆ ಒಬ್ಬರ ಚೀಟಿ ಇನ್ನೊಬ್ಬರ ಸ್ಟಾಕಿಗೆ ಹೊಂದಬೇಕು. ಹೊಂದದಿದ್ದರೆ ಮುತ್ಯಾ ಮತ್ತೆ ಬೀದರ್ ಬಸ್ಸು ಹತ್ತುತ್ತಾನೆ, ಇಲ್ಲ ಗುಳಿಗಿ ಬಿಡುತ್ತಾನೆ. ಜಿಲ್ಲಾ ಉಸ್ತುವಾರಿ ಸಚಿವರ ಕೆಡಿಪಿ ಸಭೆಯಲ್ಲಿ ಕಟ್ಟಡದ ಪ್ರಗತಿ ಕೇಳಿದಷ್ಟು ಖಡಕ್ಕಾಗಿ ಈ ಎರಡು ಔಷಧಿ ಪಟ್ಟಿ ಹೊಂದಿವೆಯೇ ಅಂತ ಕೇಳಿದರೆ ಎಷ್ಟೋ ಜನರ ಓಡಾಟ ತಪ್ಪುತ್ತೆ.

ಮೂರು ತಿಂಗಳ ಗುಳಿಗಿ ಒಂದೇ ಸಲ ಕೊಡೋದು ಇನ್ನೂ ಸುಲಭದ ಕೆಲಸ. ಇದು ಹೊಸದೂ ಅಲ್ಲ. 2020ರ ಲಾಕ್‌ಡೌನ್‌ನಲ್ಲಿ ಬಿಪಿ, ಶುಗರ್ ಇದ್ದವರಿಗೆ ಆಶಾ ಕಾರ್ಯಕರ್ತೆಯರ ಮೂಲಕ ಮೂರು ತಿಂಗಳವರೆಗಿನ ಔಷಧಿ ಕೊಡಿ ಅಂತ ಕೇಂದ್ರ ಆರೋಗ್ಯ ಸಚಿವಾಲಯವೇ ಹೇಳಿತ್ತು. ಸ್ಥಿರವಾಗಿರುವ ರೋಗಿಗೆ ಅದನ್ನೇ ಮುಂದುವರಿಸಿದರೆ ಮೇಲಿನ ನಮ್ಮ ಲೆಕ್ಕದಲ್ಲಿ ಹನ್ನೆರಡು ದಿನ ನಾಲ್ಕಾಗುತ್ತೆ, 4,440 ರೂಪಾಯಿ 1,480ಕ್ಕೆ ಇಳಿಯುತ್ತೆ. ನಡುವೆ ಬಿಪಿ ನೋಡೋಕೆ ಊರಿನ ಉಪಕೇಂದ್ರ ಸಾಕು.

ತಮಿಳುನಾಡು ಇನ್ನೂ ಮುಂದೆ ಹೋಗಿದೆ. 2021ರ ಆಗಸ್ಟ್‌ನಲ್ಲಿ ನಮ್ಮ ಗಡಿಗೇ ಹತ್ತಿದ ಕೃಷ್ಣಗಿರಿ ಜಿಲ್ಲೆಯಲ್ಲಿ ಶುರು ಮಾಡಿ, ಬಿಪಿ-ಶುಗರ್ ಗುಳಿಗಿ, ಫಿಸಿಯೊಥೆರಪಿ, ಹಾಸಿಗೆ ಹಿಡಿದವರ ಆರೈಕೆ ಎಲ್ಲ ಮನೆ ಬಾಗಿಲಿಗೆ ತಂದಿದೆ. ನಮ್ಮ ರಾಜ್ಯದ 'ಗೃಹ ಆರೋಗ್ಯ' 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾಗಿ ಉಳಿದ ಜಿಲ್ಲೆಗಳಿಗೆ ವಿಸ್ತರಣೆ ಆಯಿತು. ಮನೆಗೆ ಬಂದು 30 ದಾಟಿದವರ ಬಿಪಿ, ಶುಗರ್, ಕ್ಯಾನ್ಸರ್ ಲಕ್ಷಣ ನೋಡುವ ಯೋಜನೆ. ಪರೀಕ್ಷೆ ಮಾಡೋದು ಅರ್ಧ ಕೆಲಸ. ಶುಗರ್ ಇದೆ ಅಂತ ಹೇಳಿ ಹೋದವರು ಮುಂದಿನ ತಿಂಗಳು ಗುಳಿಗಿ ತರ್ತಾರಾ ಅನ್ನೋದನ್ನ ನಿಮ್ಮ ಓಣಿಯಲ್ಲಿ ನೀವೇ ನೋಡಿ, ಬರದಿದ್ದರೆ ಪಂಚಾಯಿತಿಯಲ್ಲಿ ಕೇಳಿ. ಮಹಾನಗರದಿಂದ ಬಂದ ಡಾಕ್ಟರ ಕನ್ನಡ, ಔರಾದ್ ಆಯಿಯ ಮರಾಠಿ, ಬೀದರ್ ಓಣಿಯ ದಖನಿ ಉರ್ದು, ಇವುಗಳ ನಡುವೆ "ಊಟಕ್ಕಿಂತ ಮುಂಚೆ" "ಊಟ ಆದ ಮೇಲೆ" ಅನ್ನೋದೇ ತಪ್ಪಿ ಹೋಗುತ್ತೆ. ಆಶಾ ಅಕ್ಕ ಹೇಳಿದರೆ ತಪ್ಪಲ್ಲ, ಆಕೆ ಅದೇ ಓಣಿಯವಳು.

ಹೊಲ ಬರೆದುಕೊಟ್ಟ ಮೇಲೆ

ಇಷ್ಟವಿಲ್ಲದಿದ್ದರೂ ಇದನ್ನೂ ಬರೆಯಬೇಕು. 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲ, ತಂದೆ-ತಾಯಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೋಗುವ ಮಕ್ಕಳಿಗೆ ಬರೆದುಕೊಟ್ಟ ಆಸ್ತಿ ರದ್ದು ಮಾಡಿಸಿ ಅಂತ ಸೂಚನೆ ಕೊಟ್ಟರು. ಬೆಳಗಾವಿಯ ವೈದ್ಯಕೀಯ ಸಂಸ್ಥೆ ಒಂದರಲ್ಲೇ ಇಂಥ 150ಕ್ಕೂ ಹೆಚ್ಚು ಪ್ರಕರಣ ಅನ್ನೋದು ಆಗ ಹೊರಬಂತು. ಅದಕ್ಕೆ ಆಧಾರ 2007ರ ಅದೇ ಕಾಯ್ದೆಯ 23ನೇ ಕಲಮು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ ವಾಪಸ್. ಇಲ್ಲಿ ಒಂದು ಎಚ್ಚರಿಕೆ. ಆ ಷರತ್ತು ಇತ್ತು ಅಂತ ತೋರಿಸಬೇಕು ಅಂತ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಷರತ್ತು ಮುರಿದದ್ದು ಕಂಡ ಇನ್ನೊಂದು ಪ್ರಕರಣದಲ್ಲಿ 2025ರ ಜನವರಿಯಲ್ಲಿ ದಾನಪತ್ರ ರದ್ದು ಮಾಡಿ ತಾಯಿಗೆ ಮನೆ ಕೊಡಿಸಿದೆ. ಆದ್ದರಿಂದ ಮಗನಿಗೆ ದಾನಪತ್ರ ಮಾಡಿಸುವವರು "ಊಟ, ಔಷಧಿ, ದವಾಖಾನಿ ಖರ್ಚು ಇವನದ್ದು" ಅಂತ ಒಂದು ಸಾಲು ಪತ್ರದಲ್ಲೇ ಬರೆಸಿ. ನಾಚಿಕೆ ಬೇಡ, ಒಳ್ಳೆ ಮಗನಿಗೆ ಆ ಸಾಲಿನಿಂದ ತೊಂದರೆ ಇಲ್ಲ.

ಜೀವನಾಂಶಕ್ಕೆ ಉಪವಿಭಾಗದ ಸಹಾಯಕ ಆಯುಕ್ತರ ಮುಂದೆ ಅರ್ಜಿ ಕೊಡಬಹುದು. ವಕೀಲರು ಬೇಕಿಲ್ಲ, ನೋಟಿಸ್ ಮುಟ್ಟಿದ 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತೆ. ಕೊಡಿಸಬಹುದಾದ ಮೊತ್ತದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ.

ಕೊನೆಗೆ ನಮ್ಮ ಕಡೆಯಿಂದ ಒಂದು ಸಲಹೆ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಆರೋಗ್ಯ ರಕ್ಷಾ ಸಮಿತಿಯವರಿಗೂ. ವಾರಕ್ಕೊಮ್ಮೆಯ ಆ ಹಿರಿಯರ ಕ್ಲಿನಿಕ್ ಅನ್ನು ಊರಿನ ಸಂತೆ ದಿನವೇ ಇಡಿ. ಸಂತೆಗೆ ಹೇಗೂ ಹಳ್ಳಿಯಿಂದ ಗಾಡಿ ಬರುತ್ತೆ, ಮಗನೋ ಸೊಸೆಯೋ ಬಂದೇ ಬರುತ್ತಾರೆ, ಪ್ರತ್ಯೇಕ ಕೂಲಿ ಬಿಡಬೇಕಿಲ್ಲ. ಮುತ್ಯಾ ಬಿಪಿ ನೋಡಿಸಿಕೊಂಡು ಗುಳಿಗಿ ತಗೊಂಡು ಹೋಗಲಿ. ವ್ಯಾಪಾರಸ್ಥರು ಆ ದಿನ ಯಾವುದು ಅಂತ ಅಂಗಡಿ ಮುಂದೆ ಒಂದು ಚೀಟಿ ಅಂಟಿಸಿದರೆ ಪ್ರಚಾರಕ್ಕೆ ಬೇರೆ ಖರ್ಚು ಬೇಕಿಲ್ಲ. ಅದರ ಕೆಳಗೆ ಹಿರಿಯರ ಸಹಾಯವಾಣಿ ನಂಬರನ್ನೂ ದಪ್ಪ ಅಕ್ಷರದಲ್ಲಿ ಬರೆಯಿರಿ: 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಕರೆ ಉಚಿತ.